ಎತ್ತಿನ ಪಾಠದ ಕೊನೆ

ನನ್ನ ವಂಡಿಯ ಎಡಗಡೆ ಸೀಟಿನಲ್ಲಿ ಈಗ ಯಾರೂ ಪುಸ್ತಕ ಓದುವುದಿಲ್ಲ. ಕ್ರೇಟು ಕಟ್ಟುವ ಹಗ್ಗ, ನೀರಿನ ಬಾಟಲು, ಒಂದು ಮಾಸಿದ ಟವೆಲು, ಇಷ್ಟೇ ಅಲ್ಲಿರುತ್ತವೆ. ಟೊಮೇಟೊ ತುಂಬಿಕೊಂಡು ಪಾಲಕೋಡ್ ಮಂಡಿಗೆ ಹೋಗುವ ದಾರಿಯಲ್ಲಿ ಹೈಸ್ಕೂಲಿನ ಗೇಟು ಬರುತ್ತದೆ. ಅಲ್ಲಿ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಇಳಿಯುವವರು ಯಾರೂ ಇಲ್ಲ ಅಂತ ಆಮೇಲೆ ನೆನಪಾಗಿ ಮತ್ತೆ ಗೇರು ಹಾಕುತ್ತೇನೆ. ಹಿಂದೆ ಬರುವ ಬೈಕಿನವನು ಹಾರನ್ ಒತ್ತಿ ಬೈಯುತ್ತಾನೆ. ಬೈಯಲಿ.

ಮಗಳು ಆ ಸ್ಕೂಲಿನಲ್ಲಿ ತಮಿಳು ಟೀಚರಾಗಿದ್ದಳು. ಮನೆಯಲ್ಲಿ ನಾವೆಲ್ಲ ಕನ್ನಡದವರು. ಅವಳು ಕಲಿತದ್ದು, ಕಲಿಸಿದ್ದು ತಮಿಳು. ತಮಿಳುನಾಡಿನ ಈ ನಮ್ಮ ಗಡಿ ಕಡೆ ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನೂ ಇಲ್ಲ. ಆ ಸ್ಕೂಲಿನ ಮಕ್ಕಳೂ ಬಹಳ ಮಟ್ಟಿಗೆ ಹಾಗೆಯೇ. ಅವ್ವನ ಹತ್ತಿರ ಕನ್ನಡದಲ್ಲಿ ಅತ್ತು, ಸ್ಕೂಲಿಗೆ ಬಂದು ತಮಿಳಿನಲ್ಲಿ ಓದುತ್ತವೆ.

ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಸ್ಸು ಸಿಗುತ್ತಿರಲಿಲ್ಲ. ಹೇಗೂ ನಾನು ಲೋಡು ತೆಗೆದುಕೊಂಡು ಹೊರಡುವ ಹೊತ್ತು ಅದೇ. ನನ್ನದು ನಾಲ್ಕು ಗಾಲಿಯ ಸಣ್ಣ ಲೋಡು ವಂಡಿ. ಇಲ್ಲೆಲ್ಲ ಅದಕ್ಕೆ ಕುಟ್ಟಿ ಯಾನೆ ಅನ್ನುತ್ತಾರೆ, ಮರಿ ಆನೆ ಅಂತ. ಆ ಮರಿ ಆನೆಯ ಮೇಲೆ ಟೀಚರಮ್ಮ ಬಂದಿಳಿಯುವುದನ್ನು ನೋಡಿ ಹುಡುಗರು ಮೊದಮೊದಲು ನಕ್ಕರು. ಆಮೇಲೆ ಅವರೇ ಓಡಿ ಬಂದು ಬಾಗಿಲು ತೆಗೆಯತೊಡಗಿದರು.

ಜೂನ್ ಬಂತೆಂದರೆ ಗೈಡು ಮಾರುವವರು ಸ್ಕೂಲು ಸ್ಕೂಲು ಸುತ್ತುತ್ತಾರೆ. ಪ್ರತಿ ಟೀಚರಿಗೂ ಒಂದೊಂದು ಪ್ರತಿ ಸುಮ್ಮನೆ ಕೊಟ್ಟು, ಜೊತೆಗೆ ಪೆನ್ನೋ ಕ್ಯಾಲೆಂಡರೋ ಇಟ್ಟು, ಮಕ್ಕಳಿಗೆ ನಮ್ಮದನ್ನೇ ಹೇಳಿ ಅಂತ ಕೈ ಮುಗಿದು ಹೋಗುತ್ತಾರೆ. ಮಗಳ ಚೀಲದಲ್ಲಿ ಅವೆಲ್ಲ ಬಂದು ಬೀಳುತ್ತಿದ್ದವು. ಅದಲ್ಲದೆ ಓದುವ ಪೀರಿಯಡ್ಡಿಗೆ ಕಥೆಪುಸ್ತಕ ಆರಿಸುವ ಕೆಲಸವನ್ನೂ ಅವಳಿಗೇ ಒಪ್ಪಿಸಿದ್ದರು. ಸ್ಕೂಲು ಮುಟ್ಟುವ ತನಕ ಅವಳು ಪಕ್ಕದಲ್ಲಿ ಕೂತು ಒಂದೊಂದನ್ನೇ ತೆರೆದು ತಮಿಳಿನಲ್ಲಿ ಗಟ್ಟಿಯಾಗಿ ಓದುವಳು. ಓದುವುದು ತಮಿಳಿನಲ್ಲಿ, ಅದರ ಮೇಲೆ ನಮ್ಮ ಜಗಳ ಕನ್ನಡದಲ್ಲಿ. ನಾನು ಆಕಳಿಸಿದರೆ ಆ ಪುಸ್ತಕ ಫೇಲು. ಕಥೆ ಮುಗಿಯದೆ ಗೇಟು ಬಂದು, ‘ಅಪ್ಪುರಂ?’ ಅಂತ ನಾನು ಕೇಳಿದರೆ, ಅಂದರೆ ಆಮೇಲೆ ಏನಾಯಿತು ಅಂತ ಕೇಳಿದರೆ, ಆ ಪುಸ್ತಕ ಪಾಸು. ಕೊನೇ ಬೆಂಚಿನ ಹುಡುಗರ ಮನಸ್ಸನ್ನು ಅವಳು ನನ್ನಿಂದ ಅಳೆಯುತ್ತಿದ್ದಳು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅದನ್ನು ಯಾರ ಮುಂದೆ ಹೇಳಲೂ ನನಗೆ ನಾಚಿಕೆಯಿಲ್ಲ. ದುಡಿದು ತಿಂದಿದ್ದೇನೆ, ದುಡಿದು ಓದಿಸಿದ್ದೇನೆ.

“ಈ ಗೈಡು ಎಂಗೈತಪ್ಪಾ?” ಅಂತ ಒಂದು ದಿನ ಕೇಳಿದಳು.

“ಟೋಲ್ ಗೇಟ್ನಾಗೆ ಕೊಡೋ ರಸೀದಿ ಇದ್ದಂಗೈತೆ. ವಂಡಿ ಈ ದಾರಿಯಾಗೆ ಓಯ್ತು ಅಂತ ಬರ್ದವ್ರೆ. ದಾರಿ ಎಂಗಿತ್ತು ಅಂತ ಬರ್ದಿಲ್ಲ.”

“ಅದಿಲ್ದೆ ಪಾಸಾಗಲ್ವಲ್ಲ ನಮ್ಮ ಐಕ್ಳು.”

“ರಸೀದಿ ಬ್ಯಾಡ ಅಂದ್ನಾ ನಾನು? ಮಡಿಕ್ಕಳ್ಳಲಿ. ಆದ್ರೆ ಜನ ರಸೀದಿ ನೋಡಕ್ಕೆ ಊರಿಗೆ ಓಗಲ್ಲ ಪಾಪ.”

ಪಾಪ, ಅಂದರೆ ಮಗು, ಅಂತಲೇ ನಾನು ಅವಳನ್ನು ಕರೆಯುವುದು. ಟೀಚರಾದ ಮೇಲೂ ಅದು ಬದಲಾಗಲಿಲ್ಲ. ಒಮ್ಮೆ ಸ್ಕೂಲಿನ ಗೇಟಿನಲ್ಲಿ ಹಾಗೆ ಕೂಗಿಬಿಟ್ಟೆ. ಆ ವಾರವೆಲ್ಲ ಹುಡುಗರು ಅವಳ ಬೆನ್ನ ಹಿಂದೆ ‘ಪಾಪ ಟೀಚರ್’ ಅಂದರಂತೆ.

ಮನೆಯಲ್ಲಿ ನನ್ನ ಹೆಂಡತಿಗೆ ಈ ಓದು ಹಿಡಿಸುತ್ತಿರಲಿಲ್ಲ. “ಅಪ್ಪನಿಗೂ ಮಗಳಿಗೂ ಅದು ವಂಡಿ ಅಲ್ಲ, ಇಸ್ಕೂಲು. ಕತೆ ಕೇಳ್ಕಂಡು ನಿದಾನಕ್ಕೆ ಓಗಿ. ಅಷ್ಟೊತ್ತಿಗೆ ಮಂಡಿಯಾಗೆ ಏಲ ಮುಗುದು ಕಸ ಗುಡಿಸ್ತಾ ಇರ್ತಾರೆ,” ಅನ್ನುವಳು. ಹಾಗಂದವಳೇ ಸಾಯಂಕಾಲ ಬಂದು ಕೂತು, “ಬೆಳಿಗ್ಗೆ ಓದಿದ್ದು ಏನು ಕತೆ?” ಅಂತ ಕೇಳುವಳು.

ಕಥೆ ಕೇಳಿ ಪುಸ್ತಕ ಆರಿಸುವ ಈ ಕ್ರಮ ಮಗಳಿಗೆ ಹೊಳೆದದ್ದು ನನ್ನ ಹಳೆಯ ಬದುಕಿನಿಂದ. ಅದನ್ನು ಹೇಳಬೇಕಾದರೆ ಒಂದು ಎತ್ತಿನ ಪಾಠದ ಮಾತು ಎತ್ತಬೇಕು.

ನಾನು ಓದುವಾಗ ನಮ್ಮ ಊರಿನ ಸ್ಕೂಲಿನಲ್ಲಿ ಕನ್ನಡ ವಿಭಾಗ ಅಂತ ಒಂದಿತ್ತು. ಇದ್ದದ್ದು ಒಬ್ಬರೇ ಮೇಷ್ಟ್ರು. ಪಾಠ ಓದುವ ಮೊದಲು ಅವರು ಕಿಟಕಿಯ ಒಂದು ರೆಕ್ಕೆ ಮುಚ್ಚುತ್ತಿದ್ದರು. ಹೊರಗಿನ ಗದ್ದಲ ಅದರಿಂದ ಏನೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಕಿಟಕಿ ಮುಚ್ಚಿದರು ಅಂದರೆ ಕಥೆ ಬರುತ್ತದೆ ಅಂತ ನಮಗೆ ಗೊತ್ತು, ನಾವೇ ಸುಮ್ಮನಾಗುತ್ತಿದ್ದೆವು. ಅವರ ದನಿ ದೊಡ್ಡದಲ್ಲ. ಕೇಳಬೇಕಾದರೆ ಮುಂದಕ್ಕೆ ಬಾಗಬೇಕು. ಎಲ್ಲರೂ ಬಾಗಿಕೊಂಡೇ ಇರುತ್ತಿದ್ದೆವು.

ಆ ಪಾಠದಲ್ಲಿ ಒಬ್ಬ ರೈತ. ಅವನ ಜೋಡಿ ಎತ್ತಿನಲ್ಲಿ ಒಂದು ಸತ್ತುಹೋಗುತ್ತದೆ. ಒಂಟಿ ಎತ್ತು ಕಟ್ಟಿಕೊಂಡು ಉಳಲಾಗದೆ ಅದನ್ನು ಸಂತೆಯಲ್ಲಿ ಮಾರುತ್ತಾನೆ. ಕೊಂಡವನು ಹೊಳೆಯಾಚೆ ಊರಿನವನು. ಸ್ವಲ್ಪ ದಿನ ಕಳೆದ ಮೇಲೆ ಒಂದು ಬೆಳಗ್ಗೆ ರೈತ ಬಾಗಿಲು ತೆರೆದರೆ ಎತ್ತು ಬಂದು ನಿಂತಿದೆ. ಕತ್ತಿನಲ್ಲಿ ಕಿತ್ತುಬಂದ ಹಗ್ಗ, ಹೊಟ್ಟೆಯ ತನಕ ಹೊಳೆಯ ಕೆಸರು. ರೈತನ ಹೆಂಡತಿ ನೀರಿಡುತ್ತಾಳೆ. ಎತ್ತು ಇನ್ನೂ ಕುಡಿಯುತ್ತಿರುವಾಗಲೇ ಅದನ್ನು ಕೊಂಡವನು ಹಿಂದೆಯೇ ಹುಡುಕಿಕೊಂಡು ಬಂದು ಅಂಗಳದಲ್ಲಿ ನಿಲ್ಲುತ್ತಾನೆ.

ಅಷ್ಟು ಓದಿ ಮೇಷ್ಟ್ರು “ಮಿಕ್ಕಿದ್ದು ನಾಳೆ” ಅಂದರು. ಕಿಟಕಿ ತೆರೆದರು.

ಮಾರನೆಯ ದಿನ ಅವರಿಗೆ ಹಾರ ಹಾಕಿ, ಶಾಲು ಹೊದಿಸಿ, ಕಾಫಿ ಕೊಟ್ಟು ಕಳಿಸಿದರು. ಅವರ ಸರ್ವೀಸು ಅಂದಿಗೆ ಮುಗಿದಿತ್ತು. ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ್ದರೂ ನಮಗೆ ಅರ್ಥವಾಗುತ್ತಿತ್ತೋ ಇಲ್ಲವೋ. ಅವರ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ. ಕನ್ನಡ ವಿಭಾಗ ಮುಚ್ಚಿದರು, ಸ್ಕೂಲಿನ ಪುಸ್ತಕ ಅಂತ ನಮ್ಮ ಕೈಲಿದ್ದ ಪಾಠಪುಸ್ತಕಗಳನ್ನೂ ವಾಪಸು ತೆಗೆದುಕೊಂಡರು. ತಮಿಳು ಅಕ್ಷರ ಸರಿಯಾಗಿ ಬಾರದು ಅಂತ ನನ್ನನ್ನು ಸಣ್ಣ ಮಕ್ಕಳ ಕ್ಲಾಸಿನಲ್ಲಿ ಕೂರಿಸಿದರು. ನನ್ನ ಮೊಣಕಾಲು ಆ ಡೆಸ್ಕಿನ ಅಡಿ ಹಿಡಿಸಲಿಲ್ಲ. ನನ್ನ ತಮ್ಮನ ವಯಸ್ಸಿನವನು ತಿರುಗಿ ನೋಡಿ ನಕ್ಕ. ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಸೋದರಮಾವ ಶಂಕಗಿರಿಯಲ್ಲಿ ಲಾರಿ ಓಡಿಸುತ್ತಿದ್ದ. ಅವನ ಹಿಂದೆ ಹೋಗಿ ಲಾರಿ ಕೆಲಸಕ್ಕೆ ಸೇರಿಕೊಂಡೆ.

ಲಾರಿಯಲ್ಲಿ ಗಾಲಿಗೆ ಕಲ್ಲು ಕೊಡುವುದು, ತಾರ್ಪಾಲು ಕಟ್ಟುವುದು ಎಲ್ಲ ಇದ್ದದ್ದೇ. ಅದಕ್ಕಿಂತ ಮುಖ್ಯವಾದ ಕೆಲಸ, ಮಧ್ಯಾಹ್ನದ ಊಟ ಆದ ಮೇಲೆ ಡ್ರೈವರು ತೂಕಡಿಸದ ಹಾಗೆ ಮಾತಾಡುತ್ತಾ ಇರುವುದು. ನನಗೆ ಬರುತ್ತಿದ್ದದ್ದು ಒಂದು ಪಾಠಪುಸ್ತಕದ ಕಥೆಗಳು. ಅವುಗಳಲ್ಲಿ ಎಲ್ಲರಿಗೂ ಹಿಡಿಸಿದ್ದು ಎತ್ತಿನದು. ಎತ್ತಿನ ಕಥೆ ಹೇಳಿದರೆ ಯಾವ ಡ್ರೈವರೂ ತೂಕಡಿಸುತ್ತಿರಲಿಲ್ಲ. ಕೊಂಡವನು ಅಂಗಳಕ್ಕೆ ಬಂದ ಅಂದ ಕೂಡಲೇ “ಅಪ್ಪುರಂ ಎನ್ನಡಾ ಆಚ್ಚು?” ಅನ್ನುತ್ತಿದ್ದರು, ಆಮೇಲೆ ಏನಾಯಿತೋ ಅಂತ. ಅದು ನನಗೂ ಗೊತ್ತಿಲ್ಲ ಅಂದರೆ ಬೈಗಳು ತಿನ್ನಬೇಕು. ಅದಕ್ಕೆ ಕೊನೆಯನ್ನು ನಾನೇ ಕಟ್ಟುತ್ತಿದ್ದೆ. ಡ್ರೈವರ ಮುಖ ನೋಡಿ ಕಟ್ಟುತ್ತಿದ್ದೆ. ಕೋಪಿಷ್ಟನಾದರೆ ರೈತ ಬಡಿಗೆ ಹಿಡಿದು ನಿಲ್ಲುತ್ತಿದ್ದ. ದೇವರು ದಿಂಡರು ಅನ್ನುವವನಾದರೆ ಎತ್ತು ಬಾಯಿಬಿಟ್ಟು ಮಾತಾಡುತ್ತಿತ್ತು. ಬಹಳ ದಿನ ಮನೆಯ ಮುಖ ನೋಡದೆ ರೋಡಿನಲ್ಲೇ ಇದ್ದ ಒಬ್ಬ ಡ್ರೈವರಿಗೆ ನಾನು ಬೇರೊಂದು ಕೊನೆ ಹೇಳಿದೆ. ಅದನ್ನು ಕೇಳಿ ಅವನು ವಂಡಿ ರೋಡಿನ ಪಕ್ಕಕ್ಕೆ ನಿಲ್ಲಿಸಿ, ಕಣ್ಣಿಗೆ ದೂಳು ಬಿತ್ತು ಅಂತ ಟವೆಲಿನಲ್ಲಿ ಮುಖ ಒರೆಸಿಕೊಂಡ. ಗಾಜು ಏರಿಸಿಯೇ ಇತ್ತು. ಆ ಕೊನೆ ಏನು ಅಂತ ಮುಂದೆ ಹೇಳುತ್ತೇನೆ.

ನಾನು ಕಟ್ಟಿದ ಕೊನೆಗಳು ಎಷ್ಟಿದ್ದರೂ ಪುಸ್ತಕದಲ್ಲಿರುವ ಕೊನೆ ಯಾವುದು ಅನ್ನುವ ಆಸೆ ಹೋಗಲಿಲ್ಲ. ಲಾರಿಯಲ್ಲಿ ಕರ್ನಾಟಕದ ಕಡೆ ಲೋಡು ಹೋದಾಗಲೆಲ್ಲ ಹಳೇ ಪುಸ್ತಕದ ಅಂಗಡಿ ಕಂಡರೆ ನಿಂತು ನೋಡುತ್ತಿದ್ದೆ. ಸಿಗಲಿಲ್ಲ. ಕೇಳುವುದಕ್ಕೂ ನನಗೆ ಮುಜುಗರ. ಏಳನೇ ಕ್ಲಾಸಿನ ಕನ್ನಡ ಪುಸ್ತಕ ಯಾರಿಗೆ ಅಂದರೆ ಏನು ಹೇಳಲಿ?

ಮಗಳು ಶಂಕಗಿರಿಗೆ ಹೋಗುವ ವರ್ಷ. ಮದುವೆ ನಿಶ್ಚಯವಾಗಿತ್ತು, ಗಂಡು ಅಲ್ಲಿಯವನು. ವರ್ಗದ ಆರ್ಡರು ಕೂಡ ಬಂದಿತ್ತು. ಅದೇ ಸಮಯಕ್ಕೆ ಈ ಸ್ಕೂಲಿನ ಹಳೇ ವಿದ್ಯಾರ್ಥಿಗಳು ಸೇರಿ ಸಾಹಿತ್ಯದ ಪುಸ್ತಕ ಕೊಡಿಸುತ್ತೇವೆ, ಯಾವ ಯಾವುದು ಬೇಕು ಆರಿಸಿ ಹೇಳಿ ಅಂದರು. ಹೋಗುವ ಮೊದಲು ಆ ಕೆಲಸ ಮುಗಿಸಿಕೊಟ್ಟು ಹೋಗು ಅಂತ ಮಗಳಿಗೇ ಬಿಟ್ಟರು. ನಾವಿಬ್ಬರೂ ಸೇಲಂಗೆ ಹೋಗಿ ಅಂಗಡಿ ಅಂಗಡಿ ತಿರುಗಿದೆವು. ಅವಳು ಕಪಾಟಿನಿಂದ ತೆಗೆದು ಎರಡು ಪುಟ ಓದುವಳು, ನಾನು ಸ್ಟೂಲಿನ ಮೇಲೆ ಕೂತು ಕೇಳುವೆ. ಅಂಗಡಿಯವನು ನನಗೆ ಕಣ್ಣು ಕಾಣುವುದಿಲ್ಲ ಅಂದುಕೊಂಡು ಕೈ ಹಿಡಿದು ಮೆಟ್ಟಿಲಿಳಿಸಲು ಬಂದ.

ವಾಪಸು ತೊಪ್ಪೂರು ಘಾಟಿ ಹತ್ತುವಾಗ ನನ್ನ ಬಾಯಿಂದ ಬಂತು: “ಅಷ್ಟು ಪುಸ್ತಕದಾಗೆ ನಮ್ಮ ಕನ್ನಡದ್ದು ಒಂದು ಕತೆ ಇದ್ರೆ ಏನು?”

ಅವಳು ನನ್ನ ಕಡೆ ತಿರುಗಿದಳು. “ಓದೋರು ಯಾರಪ್ಪಾ? ಐಕ್ಳಿಗೆ ಅಕ್ಷರ ಬರಲ್ಲ. ನಂಗೇ ಬರಲ್ಲ.”

“ಕತೆ ಬತ್ತದಲ್ಲ ಕೇಳಕ್ಕೆ.”

“ಯಾವ ಕತೆ?”

“ಗೊತ್ತಿಲ್ದಂಗೆ ಕೇಳ್ತೀಯಲ್ಲ.”

“ಎತ್ತಾ!” ಅಂದು ನಕ್ಕಳು. ಚಿಕ್ಕಂದಿನಿಂದ ಕೇಳಿದ್ದಾಳೆ. “ಅದು ಪುಸ್ತಕದಾಗೆ ಎಲ್ಲೈತೆ? ನಿನ್ನ ಬಾಯಾಗೆ ಐತೆ. ಸಿಕ್ರೆ ತಕ್ಕಂಬಾ, ಎಚ್ಚೆಮ್ಮು ಅತ್ರ ನಾನೇ ಮಾತಾಡ್ತೀನಿ.” ಎಚ್ಚೆಮ್ಮು ಅಂದರೆ ಅವರ ಸ್ಕೂಲಿನ ಹೆಡ್‌ಮಿಸ್.

ಅವಳು ಇಲ್ಲಿಂದ ಹೋಗುವುದರೊಳಗೆ ಎತ್ತು ಆ ಸ್ಕೂಲಿನ ಕಪಾಟು ಸೇರಬೇಕು. ಆವತ್ತಿನಿಂದ ನನ್ನ ಮನಸ್ಸಿನಲ್ಲಿ ಇದೊಂದೇ. ಅವಳು ಹೋದ ಮೇಲೆ ಆ ಗೇಟಿನೊಳಗೆ ನನ್ನ ಮಾತಿಗೆ ಏನು ಬೆಲೆ?

ಬೆಂಗಳೂರಿಗೆ ಟೊಮೇಟೊ ಲೋಡು ಬಂದರೆ ಬೇರೆಯವರಿಗೆ ಬಿಡುತ್ತಿದ್ದವನು ಈಗ ಮುಂದೆ ಬಿದ್ದು ನಾನೇ ಒಪ್ಪಿಕೊಳ್ಳತೊಡಗಿದೆ. ಲೋಡು ಇಳಿಸಿ ಮಾರ್ಕೆಟ್ಟಿನ ಸುತ್ತ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರವಿದ ಕಡೆಯೆಲ್ಲ ಕೂತು ಹುಡುಕಿದೆ. ಒಂದು ದಿನ ರಟ್ಟು ಹೋದ ಒಂದು ಪುಸ್ತಕದ ಮೊದಲ ಪುಟದಲ್ಲಿ ಪಾಠಗಳ ಹೆಸರಿತ್ತು. ಬೆರಳಿಟ್ಟು ಒಂದೊಂದೇ ಓದುತ್ತಾ ಬಂದೆ. ಎಲ್ಲ ಗುರುತಿನವು. ಅಲ್ಲಿತ್ತು ಎತ್ತಿನ ಪಾಠ. ಒಳಗಿನ ಪುಟ ತೆರೆಯುವುದಕ್ಕೂ ಕೈ ಬರಲಿಲ್ಲ ನನಗೆ. ಮನೆಗೆ ಹೋಗಿ ಕೈಕಾಲು ತೊಳೆದು ಓದೋಣ ಅಂತ, ಹೊಸ ಟವೆಲು ಕೊಂಡು ಅದರಲ್ಲಿ ಸುತ್ತಿ ಸೀಟಿನ ಮೇಲೆ ಇಟ್ಟೆ. ದಾರಿಯುದ್ದಕ್ಕೂ ಯಾರೋ ಹಿರಿಯರನ್ನು ಕೂರಿಸಿಕೊಂಡು ಬಂದ ಹಾಗಿತ್ತು.

ಮನೆಗೆ ಬಂದು ಮಗಳ ಮುಂದೆ ಟವೆಲು ಬಿಚ್ಚಿದೆ. ಕನ್ನಡದ ಒಂದು ಅಕ್ಷರ ಗೊತ್ತಿಲ್ಲದವಳು ಪುಟ ತಿರುಗಿಸಿದಳು, ಇನ್ನೆರಡು ತಿರುಗಿಸಿದಳು. ನನ್ನ ಮುಖ ನೋಡದೆ ಹೇಳಿದಳು:

“ಅಪ್ಪಾ, ಇದು ಗೈಡು.”

“ಓದಕ್ಕೆ ಬರಲ್ಲ, ಎಂಗೆ ಯೇಳ್ತೀಯಾ ನೀನು?”

“ಓದೋದೇನು ಬೇಕು? ನೋಡು. ಒಂದೊಂದು ಸಾಲು, ನಂಬರು. ಕೆಳಗೆ ದಪ್ಪಕ್ಷರ. ಪಕ್ಕದಾಗೆ ಸ್ಟಾರ್ ಆಕವ್ರೆ, ಪರೀಕ್ಷೆಗೆ ಬರೋ ಪ್ರಶ್ನೆಗೆ. ನಾ ದಿನಾ ನೋಡೋದು ಇದೇ ಅಲ್ವಾ?”

ಹೆಂಡತಿ ಒಲೆಯ ಹತ್ತಿರದಿಂದ, “ಅಷ್ಟು ದೂರ ಓಗಿ ತಂದಿದ್ದು ರಸೀದಿನಾ?” ಅಂದಳು. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

ಕೂತು ಓದಿದೆ. ಎತ್ತಿನ ಪಾಠಕ್ಕೆ ಅರ್ಧ ಪುಟ ಇತ್ತು. ರೈತನ ಗುಣಗಳು ಯಾವುವು, ಎತ್ತು ಹೇಗೆ ಹೊಳೆ ದಾಟಿತು, ಈ ಪಾಠದ ನೀತಿ ಏನು. ಎಲ್ಲದರ ಕೆಳಗೆ, ಒಂದು ಅಂಕದ ಪ್ರಶ್ನೆಗಳಲ್ಲಿ, ರೈತ ಕೊನೆಗೆ ಏನು ಮಾಡಿದ ಅಂತ ಕೇಳಿದ್ದರು. ಹಣ ಹಿಂದಕ್ಕೆ ಕೊಟ್ಟು ಎತ್ತನ್ನು ಇಟ್ಟುಕೊಂಡ ಅಂತ ಉತ್ತರ.

ಅಷ್ಟೇ.

ಇಷ್ಟು ವರ್ಷ ಹುಡುಕಿದ ಕೊನೆ ಸಿಕ್ಕಿತ್ತು. ಒಂದು ಅಂಕದ್ದು. ಆದರೆ ರೈತ ಆ ಮಾತನ್ನು ಹೇಗೆ ಹೇಳಿದ? ಕೊಂಡವನು ಸುಮ್ಮನೆ ಒಪ್ಪಿದನಾ? ಹೆಂಡತಿ ಆಗ ಎಲ್ಲಿ ನಿಂತಿದ್ದಳು? ಎತ್ತು ನೀರು ಕುಡಿದು ಮುಗಿಸಿತಾ? ಮೇಷ್ಟ್ರು ಅದನ್ನು ಓದಿದ್ದರೆ ಎಲ್ಲಿ ದನಿ ಇಳಿಸುತ್ತಿದ್ದರು, ಎಲ್ಲಿ ನಿಲ್ಲಿಸಿ ನಮ್ಮ ಮುಖ ನೋಡುತ್ತಿದ್ದರು? ಗೈಡು ಬರೆದವನ ಮೇಲೆ ನನಗೆ ಕೋಪ ಬರಲಿಲ್ಲ. ಅವನು ತನ್ನ ಕೆಲಸ ಮಾಡಿದ್ದಾನೆ. ನನಗೆ ಬೇಕಾಗಿದ್ದದ್ದು ಆ ಕಿಟಕಿಯ ರೆಕ್ಕೆ ಮುಚ್ಚುವ ಸದ್ದು. ಅದನ್ನು ಅವನು ಎಲ್ಲಿಂದ ತರುತ್ತಾನೆ?

ಪುಸ್ತಕ ತೀರ್ಮಾನ ಮಾಡುವ ಮೀಟಿಂಗಿಗೆ ನಾನೂ ಹೋದೆ. ಹೆಡ್‌ಮಿಸ್ ಧರ್ಮಪುರಿ ಕಡೆಯವರು, ತಮಿಳಿನವರು, ಒಳ್ಳೆಯ ಹೆಂಗಸು. ಮಕ್ಕಳ ಬೆಂಚಿನಲ್ಲಿ ಅವರ ತಂದೆತಾಯಂದಿರ ಜೊತೆ ನಾನೂ ಇಕ್ಕಟ್ಟಾಗಿ ಕೂತಿದ್ದೆ. ಒಬ್ಬ ಎದ್ದು, ಕಥೆಪುಸ್ತಕ ಓದಿದರೆ ಮಾರ್ಕು ಬರುತ್ತಾ, ಎಲ್ಲರಿಗೂ ಗೈಡು ತೆಗೆದುಕೊಡಿ ಅಂದ. ಮಗಳು ಗೈಡು ಬೇಡ ಅನ್ನಲಿಲ್ಲ. ಹತ್ತನೇ ಕ್ಲಾಸಿಗೆ ಗೈಡಿರಲಿ, ಉಳಿದ ಕ್ಲಾಸುಗಳಿಗೆ ಕಥೆ ಬೇಕು, ಪಾಠದ ಮೇಲೆ ಆಸೆ ಹುಟ್ಟದೆ ಗೈಡು ಕೊಟ್ಟರೆ ಹಸಿವಿಲ್ಲದವನಿಗೆ ಊಟದ ಬಿಲ್ಲು ಕೊಟ್ಟ ಹಾಗೆ ಅಂದಳು. ನನ್ನ ಟೋಲು ರಸೀದಿಯನ್ನೇ ಹೋಟೆಲಿಗೆ ತಂದಿದ್ದಾಳೆ ಅಂತ ನನಗೆ ಒಳಗೊಳಗೇ ಹಿಗ್ಗಾಯಿತು. ಎಲ್ಲರೂ ಒಪ್ಪಿದರು.

ಆಮೇಲೆ ಅವಳು ಎತ್ತಿನ ಮಾತು ತೆಗೆದು, ಕಪಾಟಿನಲ್ಲಿ ಕನ್ನಡದ್ದೂ ಒಂದು ಕಥೆ ಇರಲಿ ಅಂದಳು. ಹೆಡ್‌ಮಿಸ್ ನನ್ನ ಕಡೆ ತಿರುಗಿ ತಮಿಳಿನಲ್ಲಿ ಮೆತ್ತಗೆ ಹೇಳಿದರು: “ಐಯಾ, ನಿಮ್ಮ ಮಗಳು ಹೋದ ಮೇಲೆ ಬರುವ ಟೀಚರಿಗೆ ಕನ್ನಡ ಗೊತ್ತಿರುತ್ತದೆ ಅಂತ ಹೇಳಲಾಗುವುದಿಲ್ಲ. ಯಾರ ಸಹಾಯವೂ ಇಲ್ಲದೆ ಮಕ್ಕಳು ತಾವೇ ತೆಗೆದು ಓದುವ ಹಾಗಿದ್ದರೆ ಕೊಡಿ, ನಾನೇ ಕಪಾಟಿನಲ್ಲಿ ಇಡುತ್ತೇನೆ. ಓದಲಾಗದ ಪುಸ್ತಕ ಇಟ್ಟು ದೂಳು ಹಿಡಿಸುವುದು ನಿಮಗೂ ಇಷ್ಟ ಆಗಲ್ಲ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಜಾಸ್ತಿ ನೋವಾಯಿತು.

ಮಾರನೆಯ ಬೆಳಿಗ್ಗೆ ವಂಡಿ ಹತ್ತಿದವಳು ಚೀಲದಿಂದ ಪುಸ್ತಕ ತೆಗೆಯಲಿಲ್ಲ. ಬಿಳಿ ಹಾಳೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

“ಯೇಳು.”

“ಏನು ಯೇಳ್ಲಿ?”

“ಎತ್ತು. ನೀನು ಕನ್ನಡದಾಗೆ ಯೇಳು, ನಾನು ತಮಿಳು ಅಕ್ಷರದಾಗೆ ಬರೀತೀನಿ. ಐಕ್ಳು ಫೋನ್ನಾಗೆ ಇಂಗೇ ಅಲ್ವಾ ಬರ್ಕಳ್ಳೋದು? ಅಕ್ಷರ ಅವ್ರ ಇಸ್ಕೂಲ್ದು, ಮಾತು ಅವ್ರ ಮನೇದು. ಯಾರೂ ಯೇಳ್ಕೊಡಬೇಕಿಲ್ಲ.”

ನನಗೆ ಮೊದಲು ಹಿಡಿಸಲಿಲ್ಲ. ಮೇಷ್ಟ್ರ ಪಾಠಕ್ಕೆ ಬೇರೆಯವರ ಅಂಗಿ ತೊಡಿಸಿದ ಹಾಗೆ ಅನ್ನಿಸಿತು. ಅದನ್ನೇ ಹೇಳಿದೆ. “ಬರೀ ಮೈಯಾಗೆ ಒರಗೆ ನಿಲ್ಸೋದಕ್ಕಿಂತ ವಾಸಿ,” ಅಂದಳು. ಹೇಳತೊಡಗಿದೆ.

ಉಳಿದ ಬೆಳಗುಗಳೆಲ್ಲ ಅದಕ್ಕೇ ಹೋದವು. ಗುಂಡಿ ಬಂದರೆ “ಮೆಲ್ಲಗೆ ಓಡ್ಸಪ್ಪಾ, ಎತ್ತಿನ ಕಾಲು ಮುರೀತು” ಅನ್ನುವಳು. ಅವಳ ಗೆರೆ ಓಡಿರುತ್ತಿತ್ತು. ಮೇಷ್ಟ್ರ ಮಾತು ನೆನಪಿದ್ದಷ್ಟು ಅವರದೇ ಮಾತಿನಲ್ಲಿ ಹೇಳಿದೆ. ಮರೆತ ಕಡೆ ನಮ್ಮ ಊರಿನ ಮಾತು ಹಾಕಿದೆ. ಬಾಗಿಲು, ಕೆಸರು, ಹಗ್ಗ, ನೀರು. ಕೊಂಡವನು ಅಂಗಳಕ್ಕೆ ಬಂದು ನಿಂತ. ಅಲ್ಲಿ ಅವಳು ಪೆನ್ನು ಎತ್ತಿ ನನ್ನ ಮುಖ ನೋಡಿದಳು.

“ಗೈಡ್ನಾಗಿರೋದು ಬರೀಲಾ?”

“ಅದು ಎಂಗಾಯ್ತು ಅಂತ ನಂಗೆ ಗೊತ್ತಿಲ್ವಲ್ಲ ಪಾಪ. ಗೊತ್ತಿಲ್ದಿದ್ದು ಎಂಗೆ ಯೇಳ್ಲಿ?”

“ಅಂಗಾದ್ರೆ ಆ ಡ್ರೈವರಿಗೆ ಯೇಳಿದ್ಯಲ್ಲ, ಕಣ್ಣಿಗೆ ದೂಳು ಬಿದ್ದವನಿಗೆ. ಅದನ್ನ ಯೇಳು.”

ಅದು ಹೀಗೆ. ರೈತ ಏನೂ ಮಾತಾಡಲಿಲ್ಲ. ಎತ್ತು ನೀರು ಕುಡಿದು ಮುಗಿಸುವ ತನಕ ಇಬ್ಬರೂ ಕಾದರು. ಆಮೇಲೆ ರೈತ ಹೆಗಲ ಮೇಲೆ ಟವೆಲು ಹಾಕಿಕೊಂಡು ತಾನೇ ಹಗ್ಗ ಹಿಡಿದು ಹೊಳೆಯಾಚೆ ಊರಿಗೆ ಎತ್ತಿನ ಜೊತೆ ನಡೆದ. ಅಲ್ಲಿನ ಕೊಟ್ಟಿಗೆಯಲ್ಲಿ ಸಾಯಂಕಾಲದ ತನಕ ಎತ್ತಿನ ಪಕ್ಕ ಕೂತ. ಆ ಮನೆಯವರ ಕೈಯಿಂದ ಹುಲ್ಲು ಹಾಕಿಸಿದ. ಎತ್ತು ಕಾಲು ಮಡಿಸಿ ಮಲಗಿ ಮೆಲುಕು ಹಾಕತೊಡಗಿದ ಮೇಲೆ ಎದ್ದು, ಒಬ್ಬನೇ ತನ್ನ ಊರಿಗೆ ವಾಪಸು ನಡೆದ.

ಬರೆದು ಮುಗಿಸಿ ಅವಳು ಹೊರಗೆ ನೋಡುತ್ತಾ ಕೂತಳು. ಸ್ಕೂಲಿನ ಗೇಟು ಹತ್ತಿರ ಬರುವಾಗ, “ಏನಪ್ಪಾ, ನನ್ನೇ ಎತ್ತು ಮಾಡ್ಬುಟ್ಯಾ?” ಅಂದಳು.

“ಎತ್ತು ಎತ್ತೇ. ನೀನು ಇಳಿ, ಬೆಲ್ಲಾಯ್ತು.”

ಹಾಳೆಗಳನ್ನು ಜೆರಾಕ್ಸ್ ಮಾಡಿಸಿ, ದಪ್ಪ ರಟ್ಟು ಹಾಕಿ ಹೊಲಿಸಿ ಕೊಟ್ಟಳು. ಹೆಡ್‌ಮಿಸ್ ಒಂದು ಹುಡುಗಿಯನ್ನು ಕರೆದು ಓದಿಸಿ ನೋಡಿದರಂತೆ. ಹುಡುಗಿ ತಡವರಿಸದೆ ಓದಿದಳಂತೆ. ಹೆಡ್‌ಮಿಸ್‌ಗೆ ಒಂದು ಮಾತೂ ತಿಳಿಯಲಿಲ್ಲ, ಆದರೂ ತಾವೇ ಎದ್ದು ಹೋಗಿ ಕಪಾಟಿನಲ್ಲಿ ಇಟ್ಟರಂತೆ.

ಮದುವೆಯಾದ ಮೇಲೆ ಅವಳ ಸಾಮಾನು ಸಾಗಿಸುವುದಕ್ಕೆ ಬೇರೆ ವಂಡಿ ಕರೆಯುತ್ತೇನೆ ಅಂದರು ಗಂಡಿನ ಕಡೆಯವರು. ನಾನು ಬಿಡಲಿಲ್ಲ. ಬೀರು, ಮಂಚ, ಪಾತ್ರೆ, ಅವಳ ಪುಸ್ತಕದ ಪೆಟ್ಟಿಗೆಗಳು, ಎಲ್ಲ ನಾನೇ ತುಂಬಿ ಕಟ್ಟಿದೆ. ತೊಪ್ಪೂರು ಘಾಟಿ ಇಳಿದು, ಸೇಲಂ ದಾಟಿ, ನಾನು ಕೆಲಸ ಕಲಿತ ಶಂಕಗಿರಿಗೆ ಮಗಳನ್ನು ಕರೆದುಕೊಂಡು ಹೋದೆ. ಬೆಟ್ಟದ ಕೋಟೆ ದೂರದಿಂದ ಕಂಡಾಗ, “ಆವತ್ತು ನೀನು ಬರ್ವಾಗ್ಲೂ ಇಂಗೇ ಇತ್ತಾ?” ಅಂದಳು. ಇತ್ತು ಅಂದೆ. ಸಾಮಾನು ಇಳಿಸಿ, ಗೋಡೆಗೆ ಪುಸ್ತಕದ ಹಲಗೆ ಹೊಡೆದು, ಗ್ಯಾಸು ಜೋಡಿಸಿದೆ. ಅಳಿಯ ಬಡಿಸಿದ ಊಟ ಮಾಡಿದೆ. ಅವಳು ಪೆಟ್ಟಿಗೆ ಬಿಚ್ಚಿ ಪುಸ್ತಕಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಜೋಡಿಸುವುದನ್ನು ನೋಡುತ್ತಾ ಕೂತಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಎದ್ದೆ.

“ದಾರಿಯಾಗೆ ನಿದ್ದೆ ಬಂದ್ರೆ ಏನಪ್ಪಾ ಮಾಡ್ತೀಯಾ?” ಅಂದಳು ಬಾಗಿಲಲ್ಲಿ.

“ಕತೆ ಐತಲ್ಲ.”

ನಿದ್ದೆ ಬರಲಿಲ್ಲ. ಖಾಲಿ ವಂಡಿ ಘಾಟಿಯಲ್ಲಿ ಬಹಳ ಸದ್ದು ಮಾಡುತ್ತದೆ.

ಈಗ ವಾರಕ್ಕೊಮ್ಮೆ ಮಧ್ಯಾಹ್ನದ ಊಟಕ್ಕೆ ತರಕಾರಿ ಇಳಿಸಲು ಅದೇ ಸ್ಕೂಲಿನೊಳಗೆ ಹೋಗುತ್ತೇನೆ. ಮೊನ್ನೆ ಹೋದಾಗ ಓದುವ ಪೀರಿಯಡ್ಡು ನಡೆಯುತ್ತಿತ್ತು. ಕ್ರೇಟು ಹೊತ್ತುಕೊಂಡು ಕಿಟಕಿ ದಾಟುವಾಗ ಒಳಗಿಂದ ಕನ್ನಡ ಕೇಳಿಸಿತು. ಜಗಳದ ಕನ್ನಡವಲ್ಲ, ಆಟದ ಕನ್ನಡವಲ್ಲ. ಓದುವ ಕನ್ನಡ. ನನ್ನ ಮೇಷ್ಟ್ರು ಹೋದ ಮೇಲೆ ಒಂದು ಕ್ಲಾಸ್‌ರೂಮಿನಿಂದ ಆ ಸದ್ದು ಬಂದದ್ದನ್ನು ನಾನು ಕೇಳಿರಲಿಲ್ಲ. ಕ್ರೇಟು ಹೆಗಲ ಮೇಲೆ ಇದ್ದ ಹಾಗೇ ನಿಂತೆ. ಹುಡುಗಿಯೊಬ್ಬಳು ಓದುತ್ತಿದ್ದಳು. ಕೆಸರು, ಹಗ್ಗ, ನೀರು. ಹೊಸ ಟೀಚರು ಸುಮ್ಮನೆ ಕೂತು ಕೇಳುತ್ತಿದ್ದರು. ಅವರಿಗೆ ಅರ್ಥವಾಗುತ್ತಿತ್ತೋ ಇಲ್ಲವೋ.

ಬೆಲ್ಲು ಹೊಡೆಯಿತು. ಮಕ್ಕಳು 'ಹೋ' ಅಂತ ಹೊರಗೆ ಬಂದವು.

“ಯಾಕ್ಲಾ ವಾಪಸ್ ಕೊಟ್ಟ ಅವನು? ನಮ್ಮಪ್ಪ ಆಗಿದ್ರೆ ಕೊಡ್ತಾ ಇರ್ಲಿಲ್ಲ.”

“ನಿಮ್ಮಪ್ಪ ಇಸ್ಕಂಡಿರೋ ಸೈಕಲ್ಲೇ ಕೊಟ್ಟಿಲ್ಲ ಓಗ್ಲೇ!”

ಓದಿದ ಹುಡುಗಿ ನನ್ನನ್ನು ನೋಡಿ ನಿಂತಳು. ಕುಟ್ಟಿ ಯಾನೆಯ ತಾತ ಅಂತ ಅವರಿಗೆಲ್ಲ ನನ್ನ ಗುರುತು ಇದೆ. ಈ ಕತೆ ಆ ತಾತ ಹೇಳಿದ್ದು ಅಂತ ಯಾರೋ ಹೇಳಿಯೂ ಇದ್ದಾರೆ.

“ತಾತಾ, ಆ ಎತ್ತು ಆಮೇಲೆ ಇನ್ನೊಂದ್ ಕಿತ ವಾಪಸ್ ಬಂತಾ?”

ಯಾವ ಡ್ರೈವರೂ ನನ್ನ ಹತ್ತಿರ ಅದನ್ನು ಕೇಳಿರಲಿಲ್ಲ. ಗೈಡಿನಲ್ಲೂ ಆ ಪ್ರಶ್ನೆ ಇರಲಿಲ್ಲ. ಕ್ರೇಟು ಕೆಳಗಿಟ್ಟೆ.

“ಗೊತ್ತಿಲ್ಲ ಕಣವ್ವಾ,” ಅಂದೆ. “ಆದ್ರೆ ಆ ರೈತ ಎತ್ತು ಕಟ್ತಿದ್ದ ಗೂಟ ಇನ್ನೂ ಕಿತ್ತಿಲ್ಲ. ಅಂಗೇ ಬುಟ್ಟವ್ನೆ.”

ಅವಳು ಒಂದು ಗಳಿಗೆ ಯೋಚಿಸಿ, ಸರಿ ಅನ್ನುವ ಹಾಗೆ ತಲೆಯಾಡಿಸಿ, ಊಟದ ಸಾಲಿಗೆ ಓಡಿದಳು.